ಫೇಲಾದವರೇ ಮುಂದೆ ಎಲ್ಲರನ್ನೂ ಆಳ್ತಾರಾ? 1957ರ ಒಂದು ಹೈಸ್ಕೂಲ್ ಬ್ಯಾಚ್ ಏನು ಹೇಳುತ್ತೆ ನೋಡಿ

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬರುವ ಹೊತ್ತಿಗೆ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಮೆಸೇಜ್ ತಪ್ಪದೆ ಓಡಾಡುತ್ತದೆ. ಫಸ್ಟ್ ಕ್ಲಾಸಿನವರು ಡಾಕ್ಟರ್, ಎಂಜಿನಿಯರ್ ಆಗುತ್ತಾರಂತೆ. ಸೆಕೆಂಡ್ ಕ್ಲಾಸಿನವರು ದೊಡ್ಡ ಅಧಿಕಾರಿಗಳಾಗಿ ಅವರನ್ನು ಆಳುತ್ತಾರಂತೆ. ಫೇಲಾದವರು ರಾಜಕಾರಣಿಗಳಾಗಿ ಈ ಇಬ್ಬರನ್ನೂ ಆಳುತ್ತಾರಂತೆ. ಕೊನೆಗೆ ನಗುವ ಎಮೋಜಿ. ಅದೇ ಗ್ರೂಪಿನಲ್ಲಿ ಇನ್ನೊಬ್ಬರು ಇದಕ್ಕೆ ಪೂರ್ತಿ ಉಲ್ಟಾ ಮಾತು ಕಳಿಸಿರುತ್ತಾರೆ: ಈ ಒಂದು ಪರೀಕ್ಷೆಯಲ್ಲಿ ಎಡವಿದರೆ ಜೀವನಪೂರ್ತಿ ಅನುಭವಿಸಬೇಕು.

ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಎರಡೂ ತಪ್ಪಾಗಿರಬಹುದು. ಪರೀಕ್ಷಿಸಬೇಕಾದರೆ ಹೈಸ್ಕೂಲ್ ಮುಗಿಸಿದ ಒಂದು ದೊಡ್ಡ ಬ್ಯಾಚನ್ನು ಹಿಡಿದು, ಅವರು ಮುದುಕರಾಗುವವರೆಗೂ ಬಿಡದೆ ವಿಚಾರಿಸುತ್ತಿರಬೇಕು. ಯಾರಿಗೆ ಅಷ್ಟು ತಾಳ್ಮೆ ಇರುತ್ತದೆ ಅನ್ನಬೇಡಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಆ ಕೆಲಸ ನಡೆದಿದೆ.

ಒಂದು ಬ್ಯಾಚಿನ ಬೆನ್ನುಹತ್ತಿ

1957ರಲ್ಲಿ ಆ ರಾಜ್ಯದ ಹೈಸ್ಕೂಲುಗಳ ಕೊನೆಯ ತರಗತಿಯವರಿಗೆ (ನಮ್ಮ ಲೆಕ್ಕದಲ್ಲಿ ಸೆಕೆಂಡ್ ಪಿಯುಸಿ) ಒಂದು ಪ್ರಶ್ನಾವಳಿ ಕೊಡಲಾಯಿತು. ಮುಂದೆ ಓದುತ್ತೀರಾ? ಅಪ್ಪ ಅಮ್ಮ ಓದು ಅನ್ನುತ್ತಾರಾ? ಮೇಷ್ಟ್ರು ಏನಂತಾರೆ? ಗೆಳೆಯರು ಏನು ಮಾಡುತ್ತಾರಂತೆ? ಕೆಲವು ವರ್ಷಗಳ ನಂತರ ವಿಲಿಯಂ ಸಿವೆಲ್ ಎಂಬ ಸಮಾಜಶಾಸ್ತ್ರಜ್ಞರು ಈ ಉತ್ತರಗಳನ್ನು ಮತ್ತೆ ಕೈಗೆತ್ತಿಕೊಂಡರು. ಆ ವರ್ಷ ಪಾಸಾದವರಲ್ಲಿ ಮೂರನೇ ಒಂದು ಭಾಗವನ್ನು, ಚೀಟಿ ಎತ್ತಿದ ಹಾಗೆ ಆರಿಸಿದರು. ಒಟ್ಟು 10,317 ಮಂದಿ. 1964ರಲ್ಲಿ ಅವರ ತಂದೆತಾಯಿಗೆ ಅಂಚೆಯಲ್ಲಿ ಪ್ರಶ್ನೆ ಕಳಿಸಿ, ನಿಮ್ಮ ಮಗ ಅಥವಾ ಮಗಳು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿದರು. 1975ರಲ್ಲಿ ಫೋನ್ ಮಾಡಿದರು. ಆಮೇಲೆ ಅವರಿಗೆ 50 ದಾಟಿದಾಗ ಒಮ್ಮೆ, 60 ದಾಟಿದಾಗ ಒಮ್ಮೆ, 70 ದಾಟಿದಾಗ ಮತ್ತೊಮ್ಮೆ ವಿಚಾರಿಸಲಾಯಿತು.

ಚೀಟಿ ಎತ್ತಿದ್ದು ಇಲ್ಲಿ ಮುಖ್ಯ. ಫಾರ್ವರ್ಡ್ ಮೆಸೇಜು ಫೇಲಾಗಿಯೂ ಮೇಲೆ ಬಂದ ನಾಲ್ಕು ಜನರನ್ನು ಮಾತ್ರ ತೋರಿಸುತ್ತದೆ. ಫೇಲಾಗಿ ಸುದ್ದಿಯೇ ಇಲ್ಲದವರು ಅದರಲ್ಲಿ ಬರುವುದಿಲ್ಲ. ವಿಸ್ಕಾನ್ಸಿನ್ ಪಟ್ಟಿಯಲ್ಲಿ ಎಂತೆಂಥವರೂ ಇದ್ದರು. ಆದರೂ ಒಂದು ಕೊರತೆ ಹೇಳಲೇಬೇಕು: ಹೈಸ್ಕೂಲ್ ಮುಗಿಸದೆ ಬಿಟ್ಟವರು ಅದರಲ್ಲಿಲ್ಲ, ಇದ್ದವರೂ ಹೆಚ್ಚುಕಡಿಮೆ ಎಲ್ಲ ಬಿಳಿಯರು. ಅಲ್ಲಿನ ಸಂಖ್ಯೆಗಳನ್ನು ಎತ್ತಿ ನೇರವಾಗಿ ಕೊಪ್ಪಳಕ್ಕೋ ಮಂಡ್ಯಕ್ಕೋ ಅಂಟಿಸುವ ಹಾಗಿಲ್ಲ.

ಸಿಕ್ಕಿದ್ದೇನು?

ಓದಿನಲ್ಲಿ ಮುಂದಿದ್ದವರು ಸರಾಸರಿಯಲ್ಲಿ ಹೆಚ್ಚು ದೂರ ಹೋದರು. ಅಲ್ಲಿಗೆ ಫಾರ್ವರ್ಡಿನ ತಮಾಷೆ ಬಿದ್ದುಹೋಯಿತು.

ಆದರೆ ಕತೆ ಅಷ್ಟಕ್ಕೇ ಮುಗಿಯಲಿಲ್ಲ. ಸಿವೆಲ್ ಈ ಮಕ್ಕಳನ್ನು ಮನೆಯ ಸ್ಥಿತಿಗತಿಯ ಮೇಲೆ ನಾಲ್ಕು ಗುಂಪು ಮಾಡಿ ನೋಡಿದರು. 1971ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿದೆ: ಅತ್ಯಂತ ಅನುಕೂಲಸ್ಥ ಗುಂಪಿನ ಮಕ್ಕಳಿಗೆ ಕಾಲೇಜು ಸೇರುವ ಅವಕಾಶ ಅತ್ಯಂತ ಬಡ ಗುಂಪಿಗಿಂತ ಸುಮಾರು 4 ಪಟ್ಟು. ಡಿಗ್ರಿ ಮುಗಿಸುವುದು 6 ಪಟ್ಟು. ಅದರಾಚೆಯ ಓದು 9 ಪಟ್ಟು. ಒಂದೊಂದು ಮೆಟ್ಟಿಲು ಹತ್ತಿದಂತೆ ಅಂತರ ದೊಡ್ಡದಾಗುತ್ತದೆ. ಬಡ ಮಕ್ಕಳು ಅಷ್ಟು ಜಾಣರಿರಲಿಲ್ಲವೇನೋ ಅನ್ನುವವರಿಗೂ ಉತ್ತರವಿದೆ: ಬುದ್ಧಿಶಕ್ತಿ ಪರೀಕ್ಷೆಯಲ್ಲಿ ಸಮಾನವಾಗಿ ಅಂಕ ಪಡೆದವರನ್ನು ಮಾತ್ರ ಹೋಲಿಸಿದಾಗಲೂ ಈ ಅಂತರ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಹೆಣ್ಣುಮಕ್ಕಳ ಕತೆಯೂ ಹಾಗೇ. ಅಷ್ಟೇ ಬುದ್ಧಿವಂತಿಕೆ ಇದ್ದರೂ ಹುಡುಗರಿಗಿಂತ ಬೇಗ ಓದು ನಿಲ್ಲಿಸಿದ್ದರು.

ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಮುಂದೆ ಓದು ಎಂದು ತಂದೆತಾಯಿ ಹೇಳಿದ್ದರೇ, ಮೇಷ್ಟ್ರು ಹುರಿದುಂಬಿಸಿದ್ದರೇ, ಗೆಳೆಯರು ಕಾಲೇಜಿಗೆ ಹೊರಟಿದ್ದರೇ ಎಂಬ ಆ ಹಳೆಯ ಪ್ರಶ್ನೆಗಳ ಉತ್ತರಕ್ಕೂ ಮಕ್ಕಳು ಎಷ್ಟು ಓದಿದರು ಎಂಬುದಕ್ಕೂ ಗಟ್ಟಿ ನಂಟು ಕಂಡಿತು. ಮನೆಯ ಅನುಕೂಲವೂ ಒಂದಿಷ್ಟು ಮಟ್ಟಿಗೆ ಈ ಮಾತುಗಳ ಮೂಲಕವೇ ಮಕ್ಕಳನ್ನು ತಲುಪುತ್ತಿತ್ತು.

ಇದೇ ಬ್ಯಾಚಿನ ಮಹಿಳೆಯರನ್ನು ಡೆಬೊರಾ ಕಾರ್ ಎಂಬ ಸಂಶೋಧಕಿ ನಂತರ ಅಧ್ಯಯನ ಮಾಡಿದರು. 35ರ ಆಸುಪಾಸಿನಲ್ಲಿ ತಾವೇ ಹೇಳಿದ್ದ ಕೆಲಸದ ಗುರಿಯನ್ನು ಮುಟ್ಟಲಾಗದವರಲ್ಲಿ, 50 ದಾಟಿದ ಮೇಲೆ ಖಿನ್ನತೆಯ ಲಕ್ಷಣ ಹೆಚ್ಚಿತ್ತು, ಬದುಕಿಗೊಂದು ಗುರಿಯಿದೆ ಎಂಬ ಭಾವ ಕಡಿಮೆಯಿತ್ತು. ಅರ್ಧಕ್ಕೆ ನಿಂತ ಆಸೆ ಅಷ್ಟು ಸುಲಭವಾಗಿ ಮರೆತುಹೋಗುವುದಿಲ್ಲ.

ಮತ್ತೆ ಈ ಮೆಸೇಜು ನಿಜ ಅನ್ನಿಸುವುದೇಕೆ?

ನಿಮ್ಮ ಹೈಸ್ಕೂಲ್ ಬ್ಯಾಚಿನ ವಾಟ್ಸಾಪ್ ಗ್ರೂಪ್ ತೆರೆದು ನೋಡಿ. ಅದರಲ್ಲಿ ಯಾರಿಲ್ಲ? ಒಂಬತ್ತನೇ ಕ್ಲಾಸಿಗೇ ಬಿಟ್ಟ ಹುಡುಗಿ ಇದ್ದಾಳೆಯೇ? ಗೆಟ್ ಟುಗೆದರ್‌ಗೆ ಬಂದವರನ್ನು ನೋಡಿ ‘ನಮ್ಮ ಲಾಸ್ಟ್ ಬೆಂಚಿನವರೆಲ್ಲ ಚೆನ್ನಾಗಿದ್ದಾರೆ’ ಅನ್ನುತ್ತೇವೆ. ಚೆನ್ನಾಗಿಲ್ಲದವರು ಬಂದೇ ಇರುವುದಿಲ್ಲ.

ನೆನಪೂ ಆಟವಾಡುತ್ತದೆ. 1996ರಲ್ಲಿ ಹ್ಯಾರಿ ಬಾರಿಕ್ ಮತ್ತು ಸಂಗಡಿಗರು ಅಮೆರಿಕದಲ್ಲಿ 99 ಕಾಲೇಜು ವಿದ್ಯಾರ್ಥಿಗಳಿಗೆ ಅವರ ಹೈಸ್ಕೂಲ್ ಗ್ರೇಡುಗಳನ್ನು ಕೇಳಿ, ಶಾಲೆಯ ದಾಖಲೆ ತೆಗೆದು ತಾಳೆ ನೋಡಿದರು. ‘ಎ’ ಗ್ರೇಡ್‌ಗಳಲ್ಲಿ ಶೇ. 89ರಷ್ಟನ್ನು ಸರಿಯಾಗಿ ಹೇಳಿದರು. ‘ಡಿ’ ಗ್ರೇಡ್‌ಗಳಲ್ಲಿ ಶೇ. 29ರಷ್ಟನ್ನು ಮಾತ್ರ. ತಪ್ಪು ಹೇಳಿದ್ದರಲ್ಲಿ ಹೆಚ್ಚಿನವು ಇದ್ದದ್ದಕ್ಕಿಂತ ಮೇಲಿನ ಗ್ರೇಡುಗಳು. ಸುಳ್ಳು ಹೇಳಬೇಕೆಂದೇ ಹೇಳಿದ್ದು ಅನ್ನಬೇಕಿಲ್ಲ, ಮನಸ್ಸು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ. ‘ನಮ್ಮ ಕಾಲದಲ್ಲಿ ನಾನು...’ ಎಂದು ಮಗನ ಮುಂದೆ ಶುರು ಮಾಡುವ ಅಪ್ಪಂದಿರು ಒಮ್ಮೆ ಹಳೆಯ ಮಾರ್ಕ್ಸ್ ಕಾರ್ಡ್ ಹುಡುಕಿ ನೋಡುವುದು ವಾಸಿ.

ಮುಂದಿನದನ್ನು ಊಹಿಸುವಾಗಲೂ ನಾವು ಎಡವುತ್ತೇವೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 18ರಿಂದ 68 ವರ್ಷದ 19,000ಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದರು. ಕಳೆದ ಹತ್ತು ವರ್ಷಗಳಲ್ಲಿ ತಾವು ಬಹಳ ಬದಲಾಗಿದ್ದೇವೆ, ಮುಂದಿನ ಹತ್ತು ವರ್ಷಗಳಲ್ಲಿ ಅಷ್ಟೇನೂ ಬದಲಾಗುವುದಿಲ್ಲ ಎಂದು ಎಲ್ಲ ವಯಸ್ಸಿನವರೂ ಅಂದುಕೊಂಡಿದ್ದರು. ದೊಡ್ಡವರಿಗೇ ಹೀಗಾದರೆ, 16ರ ಹುಡುಗನಿಗೆ ರಿಸಲ್ಟ್ ದಿನದ ನೋವು ಎಂದೂ ಮುಗಿಯದ ನೋವಿನಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ತಮಾಷೆಯ ಬೆಲೆ ಯಾರು ಕಟ್ಟುತ್ತಾರೆ?

‘ಮಾರ್ಕ್ಸ್‌ನಲ್ಲಿ ಏನಿದೆ ಬಿಡು’ ಎನ್ನುವ ಮಾತು ಅಪ್ಪನ ಅಂಗಡಿಯೋ ಜಮೀನೋ ಇರುವ ಹುಡುಗನಿಗೆ ಸಮಾಧಾನ. ಕೂಲಿ ಮಾಡುವವರ ಮಗಳಿಗೆ ಅದೇ ಮಾತು ‘ಓದಿದ್ದು ಸಾಕು’ ಎಂದು ಕೇಳಿಸಬಹುದು. ಫೇಲಾದ ಮಗುವಿಗೆ ಆ ದಿನ ಮನೆಯಲ್ಲಿ ಏನು ಹೇಳುತ್ತೀರಿ ಎನ್ನುವುದು ಚಿಕ್ಕ ವಿಷಯವಲ್ಲ. ಹಾಗಾಗಿ ಆ ಮೆಸೇಜಿನ ಬದಲು ಕಳಿಸಬಹುದಾದ ಎರಡು ಮಾಹಿತಿ ಇಲ್ಲಿವೆ.

ಕರ್ನಾಟಕದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪರೀಕ್ಷೆ-1ರಲ್ಲಿ ಹೋದ ವಿಷಯವನ್ನು ಪರೀಕ್ಷೆ-2ರಲ್ಲಿ ಬರೆಯಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಅರ್ಜಿಯ ಕೊನೆಯ ದಿನಾಂಕವನ್ನು ಶಾಲೆಯಲ್ಲೇ ಕೇಳಿ.

ಮಗು ಊಟ ಬಿಟ್ಟು ಮೂಲೆ ಹಿಡಿದಿದ್ದರೆ, ‘ನಾನು ಇರಬಾರದು’ ಎಂಬ ಮಾತಾಡಿದರೆ, ಒಂಟಿಯಾಗಿ ಬಿಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.