ಕೆಲಸದೆಡೆಯಲ್ಲಿ ಮರೆವಿಲ್ಲದ ಕಣ್ಣು

ಗಲ್ಲಾಪೆಟ್ಟಿಗೆಯ ಬಳಿ ಕುಳಿತ ಯಜಮಾನನ ದೃಷ್ಟಿ ಆಳುಗಳ ಮೇಲಿರುವುದು ಹೊಸ ಸಂಗತಿಯೇನೂ ಅಲ್ಲ. ಆದರೆ ಮನುಷ್ಯನ ಕಣ್ಣಿಗೆ ಆಯಾಸವುಂಟು. ಅದು ಅತ್ತಿತ್ತ ಹೊರಳುತ್ತದೆ. ಕಂಡುದನ್ನು ಮನಸ್ಸು ಮರೆಯುತ್ತದೆ. ಇಂದು ಅಂಗಡಿ, ಕಚೇರಿ, ಕಾರ್ಖಾನೆಗಳ ಚಾವಣಿಯಿಂದ ಕೆಳಗೆ ನೋಡುವ ಕ್ಯಾಮೆರಾಕ್ಕೆ ಈ ಕೊರತೆಗಳಿಲ್ಲ. ಮಸೂರದ ಮೂಲಕ ಹಾದ ಬೆಳಕು ಅದರೊಳಗಿನ ಸಿಲಿಕಾನ್ ಬಿಲ್ಲೆಯ ಮೇಲೆ ಬೀಳುತ್ತದೆ. ಬಿಲ್ಲೆಯಲ್ಲಿರುವ ಲಕ್ಷಗಟ್ಟಲೆ ಸೂಕ್ಷ್ಮ ಕೋಶಗಳು ತಮ್ಮ ತಮ್ಮ ಪಾಲಿನ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತವೆ, ವಿದ್ಯುತ್ತು ಅಂಕೆಗಳಾಗುತ್ತದೆ, ಅಂಕೆಗಳು ದಿನ, ಗಂಟೆಗಳ ಗುರುತಿನೊಡನೆ ಶೇಖರವಾಗುತ್ತವೆ. ಜಾಗ ತುಂಬಿದಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದು ಸಾಮಾನ್ಯ ಏರ್ಪಾಡು. ಆದರೆ ಅಳಿಯುವ ಮೊದಲು ಅದನ್ನು ನಕಲು ಮಾಡಿ ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಬಹುದು. ಕ್ಷಣಮಾತ್ರದ ನೋಟವು ಹೀಗೆ ದಾಖಲೆಯಾಗುವುದರಿಂದಲೇ ಕಾನೂನಿನ ಪ್ರಶ್ನೆ ಹುಟ್ಟುತ್ತದೆ.

ತನ್ನ ಆಸ್ತಿಯನ್ನು ಕಾಯುವ ಹಕ್ಕು ಮಾಲೀಕನಿಗುಂಟು. ಸಂಬಳಕ್ಕಾಗಿ ದುಡಿಯುವವನು ತನ್ನ ಶ್ರಮವನ್ನು ಮಾರಿದ್ದಾನೆಯೇ ಹೊರತು ತನ್ನ ಖಾಸಗಿತನವನ್ನಲ್ಲ. ಈ ಎರಡು ಹಕ್ಕುಗಳು ಎದುರುಬದುರಾದಾಗ ಯಾವುದು ಮೇಲು? ಯೂರೋಪಿನ ಎರಡು ಮೊಕದ್ದಮೆಗಳು ಇದಕ್ಕೆ ಉತ್ತರ ಹುಡುಕಿವೆ.

2009ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನ ಪ್ರಾಂತದ ಒಂದು ದೊಡ್ಡ ಅಂಗಡಿಯಲ್ಲಿ ದಾಸ್ತಾನಿಗೂ ಮಾರಾಟದ ಲೆಕ್ಕಕ್ಕೂ ತಾಳೆಯಾಗದೆ ಹೋಯಿತು. ಐದು ತಿಂಗಳ ನಷ್ಟ 80,000 ಯೂರೋಗಳನ್ನು ಮೀರಿತು. ವ್ಯವಸ್ಥಾಪಕನು ಬಾಗಿಲುಗಳ ಬಳಿ ಎಲ್ಲರಿಗೂ ಕಾಣುವಂತೆ ಕ್ಯಾಮೆರಾಗಳನ್ನು ಇಡಿಸಿ ನೌಕರರಿಗೆ ತಿಳಿಸಿದನು. ಹಣ ಕಟ್ಟಿಸಿಕೊಳ್ಳುವ ಕಟ್ಟೆಗಳತ್ತ ಮುಖಮಾಡಿ ಅಡಗಿಸಿಟ್ಟ ಕ್ಯಾಮೆರಾಗಳ ವಿಷಯವನ್ನು ಮಾತ್ರ ಹೇಳಲಿಲ್ಲ. ಹತ್ತು ದಿನಗಳಲ್ಲಿ ಕಳವು ಬಯಲಾಯಿತು; 14 ಮಂದಿ ಕೆಲಸ ಕಳೆದುಕೊಂಡರು. ಅವರಲ್ಲಿ ಐವರು ಸ್ಟ್ರಾಸ್‌ಬರ್ಗ್ ನಗರದ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ ಮೊರೆಹೊಕ್ಕರು. ಮುನ್ಸೂಚನೆ ಕೊಡಬೇಕೆಂದು ಸ್ಪೇನಿನ ಕಾನೂನೇ ವಿಧಿಸಿದ್ದಿತು, ಅದು ಪಾಲನೆಯಾಗಿರಲಿಲ್ಲ. 2018ರ ಜನವರಿಯಲ್ಲಿ ನ್ಯಾಯಾಲಯದ ಒಂದು ಪೀಠವು ನೌಕರರ ಪರವಾಗಿ ತೀರ್ಪಿತ್ತಿತು. 2019ರ ಅಕ್ಟೋಬರ್ 17ರಂದು 17 ನ್ಯಾಯಾಧೀಶರ ಮಹಾಪೀಠವು 14-3ರ ಬಹುಮತದಿಂದ ಅದನ್ನು ತಿರುಗಿಸಿತು.

ಏಕೆ? ಮಹಾಪೀಠವು ಹಲವು ಸಂಗತಿಗಳನ್ನು ತೂಗಿ ನೋಡಿತು. ಸಂಶಯಕ್ಕೆ ಬಲವಾದ ಆಧಾರವಿದ್ದಿತು, ನಷ್ಟ ದೊಡ್ಡದು, ಕಾವಲಿನ ಅವಧಿ ಹತ್ತೇ ದಿನ, ಚಿತ್ರಗಳನ್ನು ನೋಡಿದವರು ಕೆಲವರೇ, ಸ್ಥಳವೂ ಗಿರಾಕಿಗಳು ಸದಾ ಓಡಾಡುವಂಥದು. ಮುಚ್ಚಿದ ಕಚೇರಿ ಕೊಠಡಿಯಲ್ಲಿ ಖಾಸಗಿತನದ ನಿರೀಕ್ಷೆ ಹೆಚ್ಚು. ಶೌಚಾಲಯ, ಉಡುಪು ಬದಲಿಸುವ ಕೋಣೆಗಳಲ್ಲಿ ಅದು ಎಲ್ಲಕ್ಕಿಂತ ಹೆಚ್ಚು. ಅತ್ಯಲ್ಪ ಸಂಶಯವೊಂದೇ ಗುಪ್ತ ಕ್ಯಾಮೆರಾಕ್ಕೆ ಸಮರ್ಥನೆಯಾಗದೆಂದೂ ನ್ಯಾಯಾಲಯ ಎಚ್ಚರಿಸಿತು.

ಎರಡನೆಯ ಮೊಕದ್ದಮೆ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು. ಮಾಂಟೆನೆಗ್ರೋ ವಿಶ್ವವಿದ್ಯಾನಿಲಯದ ಗಣಿತ ವಿಭಾಗದಲ್ಲಿ 2011ರಲ್ಲಿ ಪಾಠ ನಡೆಯುವ ಸಭಾಂಗಣಗಳಿಗೆ ಕ್ಯಾಮೆರಾ ಹಾಕಿಸಿದರು. ಆಸ್ತಿ ಹಾಗೂ ಜನರ ರಕ್ಷಣೆಯ ಜೊತೆಗೆ ಬೋಧನೆಯ ಮೇಲ್ವಿಚಾರಣೆಯೂ ಉದ್ದೇಶವೆಂದು ಹೇಳಲಾಗಿದ್ದಿತು. ಇಬ್ಬರು ಪ್ರಾಧ್ಯಾಪಕರು ಆಕ್ಷೇಪಿಸಿದರು. ಪಾಠದ ಕೋಣೆ ಸಾರ್ವಜನಿಕ ಸ್ಥಳ, ಅಲ್ಲಿ ಖಾಸಗಿ ಜೀವನವೆಲ್ಲಿಯದು ಎಂದವು ಅಲ್ಲಿನ ನ್ಯಾಯಾಲಯಗಳು. ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ಗುರುವು ಶಿಷ್ಯರೊಡನೆ ಬಾಂಧವ್ಯ ಬೆಳೆಸುವ ತಾಣವದು; ಅಪಾಯವಿತ್ತೆಂಬುದಕ್ಕೆ ಆಧಾರವಿಲ್ಲ; ಬೋಧನೆಯ ಮೇಲ್ವಿಚಾರಣೆಗೆ ಆ ದೇಶದ ಕಾನೂನಿನಲ್ಲೇ ಅವಕಾಶವಿಲ್ಲ. 2017ರ ನವೆಂಬರಿನಲ್ಲಿ 4-3ರ ಬಹುಮತದಿಂದ ಪ್ರಾಧ್ಯಾಪಕರು ಗೆದ್ದರು.

ಗುಪ್ತ ಕ್ಯಾಮೆರಾ ಒಪ್ಪಿಗೆಯಾಯಿತು, ಬಹಿರಂಗ ಕ್ಯಾಮೆರಾ ಒಪ್ಪಿಗೆಯಾಗಲಿಲ್ಲ! ಮೇಲುನೋಟಕ್ಕೆ ವಿಚಿತ್ರವೆನಿಸಿದರೂ ಎರಡರ ಹಿಂದಿರುವ ತತ್ತ್ವ ಒಂದೇ: ರೋಗಕ್ಕೆ ತಕ್ಕಷ್ಟೇ ಮದ್ದು. ಉದ್ದೇಶವೇನು, ಅದಕ್ಕಿಂತ ಸೌಮ್ಯವಾದ ಉಪಾಯವಿಲ್ಲವೇ, ಎಷ್ಟು ಸ್ಥಳ, ಎಷ್ಟು ಕಾಲ, ನೋಡುವವರು ಯಾರು—ಇವೇ ಅಳತೆಗೋಲುಗಳು.

ನಮ್ಮ ದೇಶದಲ್ಲಿ ಹೇಗೆ? 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆದರೆ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುವ ಹಗ್ಗ. ಖಾಸಗಿ ಮಾಲೀಕನಿಗೆ ಬೇರೆ ಶಾಸನ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅಂಥದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ಉದ್ಯೋಗದ ಉದ್ದೇಶಕ್ಕೂ ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೂ ನೌಕರನ ಸಮ್ಮತಿಯಿಲ್ಲದೆಯೇ ದತ್ತಾಂಶವನ್ನು ಬಳಸಲು ಈ ಕಾಯಿದೆ ಎಡೆಗೊಡುತ್ತದೆ. ಅದನ್ನು ಭದ್ರವಾಗಿಡುವ ಹೊಣೆಯನ್ನೂ ವಿಧಿಸುತ್ತದೆ. ಇನ್ನು, ಒಬ್ಬರ ಗುಪ್ತಾಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಸಮ್ಮತಿ ಬೇಡವೆಂದ ಮಾತ್ರಕ್ಕೆ ಮಿತಿಯೂ ಬೇಡವೆಂದು ತಿಳಿಯಬಾರದು. ಯಂತ್ರಕ್ಕೆ ವಿವೇಚನೆಯಿಲ್ಲ, ಎಲ್ಲಿ ನಿಲ್ಲಿಸಿದರೆ ಅಲ್ಲಿಂದ ನೋಡುತ್ತದೆ. ಎಲ್ಲಿ ನಿಲ್ಲಿಸಬೇಕು, ಎಂದು ಕಣ್ಮುಚ್ಚಿಸಬೇಕು ಎಂಬುದನ್ನು ಮನುಷ್ಯನೇ ನಿರ್ಧರಿಸಬೇಕು. ನಾಳೆ ಉದ್ಯೋಗಕ್ಕೆ ಸೇರುವ ಇಂದಿನ ವಿದ್ಯಾರ್ಥಿಗಳು ತಲೆಯ ಮೇಲಿನ ಆ ಕಣ್ಣನ್ನು ಕಂಡಾಗ, ಅದು ಏತಕ್ಕೆ ಅಲ್ಲಿದೆ, ಅದರ ದಾಖಲೆ ಯಾರ ಕೈಯಲ್ಲಿದೆ ಎಂದು ಕೇಳುವುದನ್ನು ಕಲಿತಿರಬೇಕು.