ಬಿಸಿಯೇರಿಕೆಗೆ ಕಡಲಡಿಯ ಜ್ವಾಲಾಮುಖಿ ಕಾರಣವೇ?

ಬೇಸಿಗೆ ಮಿತಿಮೀರಿದಾಗಲೆಲ್ಲ ಒಂದು ವಾದ ಕಿವಿಗೆ ಬೀಳುತ್ತದೆ: ಸಮುದ್ರದ ತಳದಲ್ಲಿ ಲೆಕ್ಕವಿಲ್ಲದಷ್ಟು ಜ್ವಾಲಾಮುಖಿಗಳಿವೆ, ನೀರನ್ನು ಕಾಯಿಸುತ್ತಿರುವುದು ಅವೇ, ನಮ್ಮ ಹೊಗೆಯಲ್ಲ. ಇದರಲ್ಲಿ ಮೊದಲ ಮಾತಷ್ಟೇ ನಿಜ. ಭೂಮಿಯ ಲಾವಾದಲ್ಲಿ ಬಹುಪಾಲು ಉಕ್ಕುವುದು ಕಡಲ ತಳದಲ್ಲೇ.

ಆದರೆ ಭೂಗರ್ಭದಿಂದ ಸಮುದ್ರಕ್ಕೆ ಏರಿಬರುವ ಶಾಖ ಚದರ ಮೀಟರಿಗೆ ಸರಾಸರಿ 0.1 ವ್ಯಾಟ್ ಮಾತ್ರ. ಅದೂ ಯುಗಯುಗಗಳಿಂದ ಬರುತ್ತಿರುವಂಥದು, ಈಚೆಗೆ ಹೆಚ್ಚಿದ್ದಕ್ಕೆ ಸಾಕ್ಷ್ಯವಿಲ್ಲ. ಆರ್ಗೋ ತೇಲುಯಂತ್ರಗಳು 2,000 ಮೀಟರ್ ಆಳಕ್ಕೆ ಮುಳುಗಿ, ಮೇಲೇಳುತ್ತ ನೀರಿನ ಉಷ್ಣತೆ ಅಳೆಯುತ್ತವೆ. ಭಾರತದ ಪಾಲಿನ ಯಂತ್ರಗಳನ್ನು ನೋಡಿಕೊಳ್ಳುವುದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ. ಅತಿ ಹೆಚ್ಚು ಕಾದಿರುವುದು ಮೇಲಿನ ಪದರವೇ ಎಂದು ಈ ಅಳತೆಗಳು ಹೇಳುತ್ತವೆ. ಬಿಸಿನೀರು ಮೇಲೇರುವುದು ಸಹಜವಲ್ಲವೇ ಎಂದು ಕೇಳಬಹುದು. ತಳದ ಬಿಸಿನೀರು ಕೆಲವು ನೂರು ಮೀಟರ್ ಏರುವಷ್ಟರಲ್ಲಿ ಸುತ್ತಲ ತಣ್ಣೀರಿನೊಂದಿಗೆ ಬೆರೆತು ಅಲ್ಲೇ ಹರಡಿಕೊಳ್ಳುತ್ತದೆ. ಇನ್ನು ಇಂಗಾಲದ ಡೈಆಕ್ಸೈಡ್: ನೆಲದ, ಕಡಲಿನ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಉಗುಳುವುದು ಮನುಷ್ಯ ಹೊರಬಿಡುವುದರ ಶೇ. 1ಕ್ಕಿಂತ ಕಡಿಮೆ.

ಹಾಗೆಂದು ಕಡಲಡಿಯ ಜ್ವಾಲಾಮುಖಿಗೂ ಹವಾಮಾನಕ್ಕೂ ನಂಟೇ ಇಲ್ಲ ಎನ್ನುವುದೂ ತಪ್ಪು. ಇಲ್ಲಿ ಆಳವೇ ನಿರ್ಣಾಯಕ. 2,500 ಮೀಟರ್ ಕೆಳಗೆ ಒತ್ತಡ ನಮ್ಮ ಗಾಳಿಯ ಒತ್ತಡಕ್ಕಿಂತ 250 ಪಟ್ಟು ಹೆಚ್ಚು. ಅಲ್ಲಿ ನೀರು ಆವಿಯಾಗಿ ಸಿಡಿಯಲಾರದು, ಲಾವಾ ದಿಂಬಿನಾಕಾರದ ಕಲ್ಲುಗಳಾಗಿ ತಣಿಯುತ್ತದೆ. ಆಳ ಕಡಿಮೆಯಾದರೆ ಕಥೆಯೇ ಬೇರೆ. ಪೆಸಿಫಿಕ್ಕಿನ ಟೋಂಗಾದಲ್ಲಿ 2022ರ ಜನವರಿ 15ರಂದು ಸ್ಫೋಟಿಸಿದ ಹುಂಗಾ ಜ್ವಾಲಾಮುಖಿಯ ಬಾಯಿ ನೀರಿನಡಿ ಸುಮಾರು 150 ಮೀಟರಿನಲ್ಲಿತ್ತು. ಲಾವಾ ತಾಗಿದ ಸಮುದ್ರ ಕ್ಷಣಾರ್ಧದಲ್ಲಿ ಆವಿಯಾಯಿತು. ಬೂದಿ, ಆವಿಗಳ ಕಂಬ 57 ಕಿ.ಮೀ. ಎತ್ತರಕ್ಕೆ ಚಿಮ್ಮಿತು. ಮೋಡ ಮಳೆಗಳ ಪದರಕ್ಕೂ ಮೇಲಿರುವ ಸಮೋಷ್ಣ ಮಂಡಲಕ್ಕೆ ಸುಮಾರು 15 ಕೋಟಿ ಟನ್ ನೀರಾವಿ ಸೇರಿ, ಅಲ್ಲಿನ ತೇವ ಶೇ. 10ರಷ್ಟು ಹೆಚ್ಚಿತು. ಉಪಗ್ರಹಗಳು ಅಂಥದ್ದನ್ನು ಹಿಂದೆಂದೂ ಕಂಡಿರಲಿಲ್ಲ.

ದೊಡ್ಡ ಸ್ಫೋಟಗಳು ಭೂಮಿಯನ್ನು ತಂಪು ಮಾಡುವುದೇ ರೂಢಿ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಒಂದೂವರೆ ಕೋಟಿ ಟನ್ನಿಗೂ ಹೆಚ್ಚು ಗಂಧಕದ ಡೈಆಕ್ಸೈಡ್ ಎಸೆದು, ಜಗತ್ತಿನ ಉಷ್ಣತೆಯನ್ನು ಸುಮಾರು ಅರ್ಧ ಡಿಗ್ರಿ ತಾತ್ಕಾಲಿಕವಾಗಿ ಇಳಿಸಿತ್ತು. ಹುಂಗಾ ಎಸೆದ ಗಂಧಕ ಕೆಲವೇ ಲಕ್ಷ ಟನ್. ನೀರಾವಿಯೋ ಶಾಖ ಹಿಡಿದಿಡುವ ಅನಿಲ. ಹಾಗಾಗಿ 2023, 2024ರ ದಾಖಲೆ ಸೆಖೆಗೆ ಹುಂಗಾವೇ ಕಾರಣ ಎಂಬ ಮಾತು ಹಬ್ಬಿತು. ಅನುಮಾನ ಸಹಜವೇ, ಆದರೆ ಲೆಕ್ಕ ಹಾಕಿದಾಗ ಬೇರೆಯದೇ ಉತ್ತರ ಬಂತು: ಇದ್ದ ಅಲ್ಪ ಗಂಧಕದ ಕಣಗಳೇ ಬಿಸಿಲನ್ನು ಚದುರಿಸಿದ್ದರಿಂದ, ಒಟ್ಟು ಪರಿಣಾಮ ತುಸು ತಂಪಿನತ್ತಲೇ ವಾಲಿತ್ತು.

ದೀರ್ಘಕಾಲದ ನಂಟೊಂದರ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಹಿಮಯುಗದಲ್ಲಿ ಕಡಲಮಟ್ಟ ಇಳಿದಾಗ ತಳದ ಮೇಲಿನ ಭಾರ ತಗ್ಗಿ, ಅಲ್ಲಿ ಲಾವಾ ಹೆಚ್ಚು ಉಕ್ಕುತ್ತದೆ, ಅದರೊಂದಿಗೆ ಹೊರಬರುವ ಇಂಗಾಲದ ಡೈಆಕ್ಸೈಡ್ ಹಿಮ ಕರಗಲು ನೆರವಾಗುತ್ತದೆ ಎಂದು ಭೂಭೌತವಿಜ್ಞಾನಿ ಮಾಯಾ ಟಾಲ್‌ಸ್ಟಾಯ್ 2015ರಲ್ಲಿ ಊಹಿಸಿದರು. ಊಹೆ ನಿಜವಾದರೂ ಅದು ನಡೆಯುವುದು ಸಾವಿರಾರು ವರ್ಷಗಳ ಅವಧಿಯಲ್ಲಿ. ಈಗಿನ ಏರಿಕೆ ಒಂದೂವರೆ ಶತಮಾನದ್ದು.