ಸ್ಲೋಚ್ ಹ್ಯಾಟ್ ಟ್ರಂಕು ಸೇರುವ ಮುನ್ನ

2025ರ ಅಕ್ಟೋಬರ್ 28ರಂದು ವಿಧಾನಸೌಧದಲ್ಲಿ ನಡೆದ ಕಾರ್ಯಕ್ರಮದಲ್ಲಿ ಕರ್ನಾಟಕದ ಪೊಲೀಸ್ ಕಾನ್‌ಸ್ಟೇಬಲ್‌ಗಳಿಗೆ ಕಡು ನೀಲಿ ಬಣ್ಣದ ಪೀಕ್ ಕ್ಯಾಪ್ ಕೊಡಲಾಯಿತು. ಒಂದು ಪಕ್ಕದ ಅಂಚನ್ನು ಮೇಲಕ್ಕೆ ಮಡಚಿ, ಗಲ್ಲಕ್ಕೆ ಪಟ್ಟಿ ಬಿಗಿದುಕೊಳ್ಳುತ್ತಿದ್ದ ಸ್ಲೋಚ್ ಹ್ಯಾಟ್‌ನ ದಶಕಗಳ ಸೇವೆ ಅಲ್ಲಿಗೆ ಮುಗಿಯಿತು. ಬಿಸಿಲಲ್ಲಿ ತಲೆ ಬೇಯುತ್ತದೆ, ಮಳೆಯಲ್ಲಿ ತೊಯ್ದು ಭಾರವಾಗುತ್ತದೆ, ಓಡುವಾಗ ಬಿದ್ದುಹೋಗುತ್ತದೆ ಎಂದು ಸಿಬ್ಬಂದಿ ಬಹಳ ಕಾಲದಿಂದ ಹೇಳುತ್ತಿದ್ದರು. ಕೆಲಸಕ್ಕೆ ತೊಡಕಾದದ್ದು ಬದಲಾಗಬೇಕಾದದ್ದೇ. ಆದರೆ ನಿವೃತ್ತ ಪೊಲೀಸರ ಮನೆಗಳಲ್ಲಿ, ತಂದೆಯ ನೆನಪಿಗೆಂದು ಮಕ್ಕಳು ಇಟ್ಟುಕೊಂಡ ಪೆಟ್ಟಿಗೆಗಳಲ್ಲಿ ಆ ಹ್ಯಾಟ್‌ಗಳು ಇನ್ನೂ ಇವೆ. ಹೊಸದು ಇನ್ನು ಬರುವುದಿಲ್ಲವಾದ್ದರಿಂದ ಇರುವುದನ್ನು ಕೆಡದಂತೆ ಇಟ್ಟುಕೊಳ್ಳುವುದು ಈಗ ಮೊದಲಿಗಿಂತ ಮುಖ್ಯ.

ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಅಂಥದೊಂದು ಹ್ಯಾಟನ್ನು ಟ್ರಂಕಿನಿಂದ ತೆಗೆದು ನನ್ನ ಕೈಗಿಟ್ಟರು. ಮೇಲಿನಿಂದ ನೋಡಿದರೆ ನೆತ್ತಿ ಒಂದು ಕಡೆ ಕುಸಿದಿತ್ತು, ಅಂಚು ಅಲೆಅಲೆಯಾಗಿ ಸೊಟ್ಟಗಾಗಿತ್ತು. ಬೋರಲು ಹಾಕಿ ಒಳಗಿನ ಚರ್ಮದ ಪಟ್ಟಿಯನ್ನು ಬೆರಳಿನಿಂದ ಹೊರಳಿಸಿದಾಗ ನಿಜವಾದ ಹಾನಿ ಕಂಡಿತು. ಪಟ್ಟಿಯ ಮರೆಯಲ್ಲಿ ಉಣ್ಣೆ ಸವೆದು ಅಲ್ಲಲ್ಲಿ ತೂತಾಗಿತ್ತು. ತೂತಿನ ಸುತ್ತ ಜೇಡರ ಬಲೆಯಂಥ ಬಿಳಿ ನೂಲು, ಅದರ ನಡುವೆ ಗಸಗಸೆಗಿಂತ ಸಣ್ಣ ಕಾಳುಗಳು. ಭೂತಗನ್ನಡಿ ಹಿಡಿದರೆ ಆ ಕಾಳುಗಳ ಬಣ್ಣವೂ ಹ್ಯಾಟಿನ ಬಣ್ಣವೇ ಆಗಿತ್ತು.

"ವರ್ಸಾವರ್ಸ ಗುಳಿಗೆ ಹಾಕ್ತಿದ್ದೆ ಸಾರ್. ಆದ್ರೂವೆ ಒಳಗಿಂದ ತಿಂದ್ಹಾಕ್ಬುಟ್ಟದೆ. ಪಕ್ಕದಲ್ಲೇ ಇದ್ದ ಅಂಗಿಗ್ ಏನೂ ಆಗ್ನಿಲ್ಲ ನೋಡಿ" ಎಂದರು ಅವರು.

ಹತ್ತಿಯ ಖಾಕಿ ಅಂಗಿ ಉಳಿದು ಹ್ಯಾಟ್ ಮಾತ್ರ ಏಕೆ ಹೋಯಿತು? ಗುಳಿಗೆ ಏಕೆ ಕೆಲಸ ಮಾಡಲಿಲ್ಲ? ಆಕಾರ ಏಕೆ ಕೆಟ್ಟಿತು? ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ಫೆಲ್ಟ್ ಹ್ಯಾಟ್ ಎಂದರೆ ಪ್ರಾಣಿಯ ಕೂದಲು. ಕುರಿಯ ಮೈಯಿಂದ ಬೇರಾದ ಮೇಲೂ ಅದರ ಗುಣ ಕೂದಲಿನದೇ.

ಕುರುಬರು ನೇಯ್ದ ಕಂಬಳಿಗೂ ಈ ಹ್ಯಾಟಿಗೂ ಮೂಲವಸ್ತು ಒಂದೇ, ಉಣ್ಣೆ. ಆದರೆ ಕಂಬಳಿಯಲ್ಲಿ ನೂಲಿದೆ, ಹಾಸು ಹೊಕ್ಕು ಇದೆ. ಫೆಲ್ಟಿನಲ್ಲಿ ಎರಡೂ ಇಲ್ಲ. ಉಣ್ಣೆಯ ಒಂದೊಂದು ಎಳೆಯ ಮೇಲೂ ಮಾಡಿನ ನಾಡಹೆಂಚಿನಂತೆ ಒಂದರ ಮೇಲೊಂದು ಚಾಚಿದ ಸೂಕ್ಷ್ಮ ಪೊರೆಗಳಿವೆ. ಬಿಸಿನೀರು, ಸೋಪು ಹಾಕಿ ಎಳೆಗಳನ್ನು ತಿಕ್ಕಿ ತುಳಿದರೆ ಅವು ಬೇರಿನ ದಿಕ್ಕಿಗೆ ಸರಿಯುತ್ತವೆ, ಹಿಂದಕ್ಕೆ ಬರಲು ಪೊರೆಗಳು ಬಿಡುವುದಿಲ್ಲ. ಸರಿದಷ್ಟೂ ಒಂದಕ್ಕೊಂದು ಸಿಕ್ಕಿಕೊಂಡು ಕೊನೆಗೆ ಬಿಡಿಸಲಾಗದ ದಪ್ಪ ಹಾಳೆಯಾಗುತ್ತದೆ. ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ಒಗೆದರೆ ಕುಗ್ಗಿ ಗಟ್ಟಿಯಾಗುವುದೂ ಇದರಿಂದಲೇ. ಈ ಹಾಳೆಯನ್ನು ಹಬೆಯಲ್ಲಿ ಮೆದುಮಾಡಿ, ಮರದ ಅಚ್ಚಿನ ಮೇಲೆ ಎಳೆದು ಒಣಗಿಸಿದರೆ ಹ್ಯಾಟ್ ಆಯಿತು. ಅಂಚು ಜೋಲದಂತೆ ಶೆಲಾಕ್ ಅಥವಾ ಬೇರೆ ಅಂಟು ಹಚ್ಚುತ್ತಾರೆ. ಶೆಲಾಕ್ ಎಂದರೆ ಅರಗಿನ ಹುಳು ಮರದ ಮೇಲೆ ಸುರಿಸುವ ಅರಗನ್ನು ಶುದ್ಧಿ ಮಾಡಿದ್ದು.

ಅಂದರೆ ಹ್ಯಾಟಿಗೆ ಆಕಾರ ಕೊಟ್ಟದ್ದು ತೇವ ಮತ್ತು ಶಾಖ. ಆಕಾರ ಕೆಡಿಸುವುದೂ ಅವೇ. ಉಣ್ಣೆಯ ಎಳೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ನಮ್ಮ ಕೂದಲು, ಉಗುರು, ದನದ ಕೊಂಬು ಎಲ್ಲವೂ ಕೆರಾಟಿನ್ನೇ. ಅದರ ಉದ್ದ ಸರಪಳಿಗಳನ್ನು ಎರಡು ಬಗೆಯ ಬಂಧಗಳು ಹಿಡಿದಿಡುತ್ತವೆ. ಒಂದು ಗಂಧಕದ ಬಂಧ, ಬಹಳ ಬಿಗಿಯಾದದ್ದು. ಇನ್ನೊಂದು ಹೈಡ್ರೋಜನ್ ಬಂಧ, ನೀರು ಸೋಕಿದರೆ ಸಡಿಲವಾಗುವುದು, ಒಣಗಿದಾಗ ಇದ್ದ ಭಂಗಿಯಲ್ಲೇ ಮತ್ತೆ ಕೂಡಿಕೊಳ್ಳುವುದು. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹಿಂಗಾರಿನ ದಿನಗಳಲ್ಲಿ ಟ್ರಂಕಿನೊಳಗಿನ ಹ್ಯಾಟ್ ಗಾಳಿಯ ತೇವ ಕುಡಿದು ಮೆದುವಾಗುತ್ತದೆ. ಆಗ ಅದರ ಮೇಲೆ ಒಂದು ಕಂಬಳಿಯ ಹೊರೆ ಬಿದ್ದಿದ್ದರೆ ನೆತ್ತಿ ಕುಸಿಯುತ್ತದೆ, ಬೇಸಿಗೆಯಲ್ಲಿ ಒಣಗಿದಾಗ ಕುಸಿದ ಆಕಾರವೇ ಗಟ್ಟಿಯಾಗುತ್ತದೆ. ಕೆಲವು ವರ್ಷ ಹೀಗೇ ನಡೆದರೆ ಮೂಲ ಆಕಾರ ಉಳಿಯುವುದಿಲ್ಲ.

ಇನ್ನು ತಿಂದವರ ವಿಚಾರ. ನಾವು ನುಸಿ ಎನ್ನುವ ಈ ಜೀವಿ ಒಂದು ಪುಟ್ಟ ಪತಂಗದ ಮರಿಹುಳು. ಪತಂಗ ಹೊಂಬಣ್ಣದ್ದು, ಆರೇಳು ಮಿಲಿಮೀಟರ್ ಉದ್ದ. ವಿಜ್ಞಾನಿಗಳು ಇದನ್ನು ಟೀನಿಯೋಲಾ ಬಿಸೆಲಿಯೆಲ್ಲಾ ಎನ್ನುತ್ತಾರೆ. ಸಂಜೆ ಟ್ಯೂಬ್‌ಲೈಟ್ ಸುತ್ತ ಹಾರುವ ಪತಂಗಗಳ ಮೇಲೆ ಅನುಮಾನ ಬೇಡ. ಅಕ್ಕಿ ರಾಗಿ ಡಬ್ಬದಿಂದ ಹೊರಡುವ ಪತಂಗಗಳೂ ಬೇರೆಯವು. ಉಣ್ಣೆಯ ಪತಂಗಕ್ಕೆ ಬೆಳಕು ಆಗದು. ಬೀರು ತೆಗೆದ ಕೂಡಲೇ ಅದು ಮಡಿಕೆಯ ಸಂದಿಗೆ ಓಡುತ್ತದೆ. ದೊಡ್ಡದಾದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಹೆಣ್ಣು ನಲವತ್ತು ಐವತ್ತು ಮೊಟ್ಟೆಗಳನ್ನು ಉಣ್ಣೆಯ ಎಳೆಗಳ ನಡುವೆ ಸಿಕ್ಕಿಸಿ ಸಾಯುತ್ತದೆ. ತಿನ್ನುವ ಕೆಲಸವೆಲ್ಲ ಮರಿಗಳದು. ಅವು ರೇಷ್ಮೆಯಂಥ ನೂಲು ಬಿಟ್ಟು ಅದರ ಮರೆಯಲ್ಲಿ ಮೇಯುತ್ತವೆ. ನಾನು ಕಂಡ ಬಿಳಿ ಬಲೆ ಅದೇ. ಕಾಳುಗಳು ಅವುಗಳ ಹಿಕ್ಕೆ. ಉಣ್ಣೆಗೆ ಹಾಕಿದ ಬಣ್ಣ ಅವುಗಳ ಹೊಟ್ಟೆಯಲ್ಲಿ ಕರಗುವುದಿಲ್ಲ, ಹೀಗಾಗಿ ಹ್ಯಾಟಿನ ಬಣ್ಣವೇ ಹಿಕ್ಕೆಗೂ ಬರುತ್ತದೆ. ಇದರ ಸೋದರ ಜಾತಿಯೊಂದು, ಟೀನಿಯಾ ಪೆಲಿಯೊನೆಲ್ಲಾ, ತಿಂದ ಬಟ್ಟೆಯ ಎಳೆಗಳಿಂದಲೇ ಚೀಲ ಹೆಣೆದುಕೊಂಡು, ಅದರೊಳಗೆ ಕುಳಿತು, ಚೀಲವನ್ನು ಎಳೆದುಕೊಂಡೇ ಓಡಾಡುತ್ತದೆ.

ಕೆರಾಟಿನ್ ತಿನ್ನುವುದು ಸುಲಭದ ಮಾತಲ್ಲ. ನಾವು ಒಂದು ಕೂದಲು ನುಂಗಿದರೆ ಅದು ಹಾಗೇ ಹೊರಗೆ ಹೋಗುತ್ತದೆ. ಗಂಧಕದ ಬಂಧವನ್ನು ಮುರಿಯುವ ಶಕ್ತಿ ನಮ್ಮ ಜಠರಕ್ಕಿಲ್ಲ. ಈ ಹುಳುವಿನ ಕರುಳು ಕಟುವಾದ ಕ್ಷಾರದ್ದು, ಆಮ್ಲಜನಕ ತೀರ ಕಡಿಮೆ ಇರುವುದು. ಅಲ್ಲಿ ಗಂಧಕದ ಬಂಧಗಳು ಮುರಿದುಬೀಳುತ್ತವೆ, ಆಮೇಲೆ ಕಿಣ್ವಗಳು ಪ್ರೋಟೀನನ್ನು ಕತ್ತರಿಸುತ್ತವೆ. ನೀರು ಕುಡಿಯಬೇಕೆಂದಿಲ್ಲ, ತಿಂದ ಉಣ್ಣೆಯಿಂದಲೇ ಬೇಕಾದ ತೇವ ಹುಟ್ಟಿಸಿಕೊಳ್ಳುತ್ತದೆ. ಹತ್ತಿಯಲ್ಲಿ ಕೆರಾಟಿನ್ ಇಲ್ಲ, ಇರುವುದು ಸೆಲ್ಯುಲೋಸ್. ಅಂಗಿ ಉಳಿದದ್ದು ಅದಕ್ಕೇ.

ಇಷ್ಟು ಬಲಶಾಲಿಯಾದ ಹುಳುವಿಗೂ ಒಂದು ಕೊರತೆ ಇದೆ. ಶುದ್ಧ ಉಣ್ಣೆಯಲ್ಲಿ ಬಿ ಜೀವಸತ್ವಗಳಾಗಲಿ ಬೇಕಾದ ಲವಣಗಳಾಗಲಿ ಸಾಕಷ್ಟಿಲ್ಲ. ತೊಳೆದು ಸ್ವಚ್ಛ ಮಾಡಿದ ಉಣ್ಣೆಯನ್ನಷ್ಟೇ ತಿಂದ ಮರಿ ಸರಿಯಾಗಿ ಬೆಳೆಯುವುದಿಲ್ಲ. ಬೆವರು, ತಲೆಯ ಎಣ್ಣೆ, ಹೊಟ್ಟು, ಸೋರಿದ ಸಾರಿನ ಕಲೆ, ಇವು ಆ ಕೊರತೆ ನೀಗಿಸುತ್ತವೆ. ಕಿಕ್ಕೇರಿಯ ಹ್ಯಾಟಿನಲ್ಲಿ ತೂತು ಬಿದ್ದದ್ದು ಹಣೆಗೆ ತಾಗುವ ಪಟ್ಟಿಯ ಹಿಂದೆ, ವರ್ಷಗಟ್ಟಲೆ ಬಂದೋಬಸ್ತಿನ ಬೆವರು ಇಂಗಿದ ಜಾಗದಲ್ಲಿ. ಹೀಗಾಗಿ ಹ್ಯಾಟನ್ನು ಕಾಯುವ ಮೊದಲ ಸಾಧನ ಬ್ರಷ್. ಗುಳಿಗೆಯ ಸರದಿ ಆಮೇಲೆ. ಮೃದುವಾದ ಬ್ರಷ್‌ನಿಂದ ಎಳೆಗಳು ಮಲಗಿದ ದಿಕ್ಕಿನಲ್ಲೇ ಧೂಳು ತೆಗೆದು, ಪಟ್ಟಿಯನ್ನು ಹೊರಕ್ಕೆ ಹೊರಳಿಸಿ ಸಂದಿಯನ್ನೂ ಉಜ್ಜಿದರೆ ಮೊಟ್ಟೆಗಳು ಉದುರುತ್ತವೆ, ಎಳೆಮರಿಗಳು ಜಜ್ಜಿಹೋಗುತ್ತವೆ. ಚರ್ಮದ ಪಟ್ಟಿಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಪೂರ್ತಿ ಆರಲು ಬಿಡಬೇಕು.

ಗುಳಿಗೆ ಸೋತದ್ದೇಕೆ? ನ್ಯಾಫ್ತಲಿನ್ ಗುಳಿಗೆ ಕರಗದೆ ನೇರವಾಗಿ ಆವಿಯಾಗುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಆ ಆವಿ ದಟ್ಟವಾಗಿ ತುಂಬಿದರೆ ಮಾತ್ರ ಹುಳು ಸಾಯುತ್ತದೆ. ಮುಚ್ಚಳ ಸಡಿಲವಾದ ಟ್ರಂಕಿನಲ್ಲಿ ಎರಡು ಗುಳಿಗೆ ಹಾಕಿದರೆ ನಮ್ಮ ಮೂಗಿಗೆ ವಾಸನೆ ಬರುತ್ತದೆ, ಪಟ್ಟಿಯ ಸಂದಿಯ ಮರಿಗೆ ಏನೂ ಆಗುವುದಿಲ್ಲ. ದಟ್ಟವಾದ ಆವಿ ನಮಗೂ ಒಳ್ಳೆಯದಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಹಸುಗೂಸಿನ ಬಟ್ಟೆ, ಹೊದಿಕೆಗಳಿರುವ ಪೆಟ್ಟಿಗೆಯಲ್ಲಂತೂ ಗುಳಿಗೆ ಬೇಡವೇ ಬೇಡ. ಕೆಲವರು ಗುಳಿಗೆಯ ಜೊತೆ ಕರ್ಪೂರವನ್ನೂ ಇಡುತ್ತಾರೆ. ಎರಡೂ ಒಂದಕ್ಕೊಂದು ತಾಗಿ ಬೆರೆತರೆ ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗೇ ಕರಗಿ ನೀರಾಗುತ್ತವೆ. ನಮ್ಮ ಬೇಸಿಗೆಗೆ ಅದೇನು ದೊಡ್ಡ ಬಿಸಿಯಲ್ಲ. ಹ್ಯಾಟಿನ ಮೇಲೆ ಕಲೆ ಖಂಡಿತ.

ಹುಳು ಈಗಾಗಲೇ ಇದೆ ಎಂಬ ಅನುಮಾನವಿದ್ದರೆ ವಸ್ತುಸಂಗ್ರಹಾಲಯಗಳು ಅನುಸರಿಸುವ ದಾರಿ ಹಿಡಿಯಬಹುದು. ಹ್ಯಾಟನ್ನು ರಟ್ಟಿನ ಡಬ್ಬದಲ್ಲಿಟ್ಟು, ಡಬ್ಬವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿ ತಲುಪುವ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಬಿಟ್ಟರೆ ಮೊಟ್ಟೆಯಿಂದ ಪತಂಗದವರೆಗೆ ಎಲ್ಲವೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಒಂದು ಹಗಲು ಒಂದು ರಾತ್ರಿ ಚೀಲ ಬಿಚ್ಚಬಾರದು. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಹನಿಯಾಗಿ ಉಣ್ಣೆಗೆ ಇಳಿಯುತ್ತದೆ. ಕಡುಬಿಸಿಯೂ ಹುಳುವನ್ನು ಕೊಲ್ಲುತ್ತದೆ, ಆದರೆ ಅದೇ ಬಿಸಿ ಅಂಟನ್ನು ಮೆದುಮಾಡಿ, ಚರ್ಮದ ಪಟ್ಟಿಯನ್ನು ಕುಗ್ಗಿಸಿ ಹ್ಯಾಟನ್ನು ಬಿಗಿಯಾಗಿಸುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಾಗಲಿ, ನಿಂತ ಕಾರಿನ ಗಾಜಿನ ಹಿಂದಾಗಲಿ ಫೆಲ್ಟ್ ಹ್ಯಾಟ್ ಇಡಬಾರದು. ಬೆಳಗಿನ ಎಳೆ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಗಾಳಿಗೆ ಹಿಡಿದು ಬ್ರಷ್ ಮಾಡಿದರೆ ಸಾಕು.

ಉಣ್ಣೆಗೆ ಇನ್ನೊಂದು ಶತ್ರುವಿದೆ, ಆಂಥ್ರೆನಸ್ ಕುಲದ ಪುಟ್ಟ ಜೀರುಂಡೆ. ದೊಡ್ಡದು ಹೂವಿನ ಪರಾಗ ತಿನ್ನುತ್ತದೆ, ಮೈತುಂಬ ರೋಮವಿರುವ ಅದರ ಮರಿ ಉಣ್ಣೆ ತಿನ್ನುತ್ತದೆ. ಅಟ್ಟದಲ್ಲಿ ಸತ್ತ ಹಲ್ಲಿ, ಒಣಗಿದ ಕೀಟ, ಬಿಟ್ಟುಹೋದ ಗುಬ್ಬಿಗೂಡು ಇದ್ದರೆ ಅದರ ಸಂತಾನ ಅಲ್ಲಿಂದಲೇ ಬೆಳೆಯುತ್ತದೆ. ಪೆಟ್ಟಿಗೆಗಿಂತ ಮೊದಲು ಪೆಟ್ಟಿಗೆಯ ಸುತ್ತಲಿನ ಜಾಗ ಗುಡಿಸಬೇಕು.

ಇಷ್ಟು ತಿಳಿದರೆ ಇಡುವ ಕ್ರಮ ತಾನಾಗಿ ಹೊಳೆಯುತ್ತದೆ. ಹ್ಯಾಟಿನ ಭಾರ ಅಂಚಿನ ಮೇಲೆ ಬೀಳಬಾರದು. ಮೇಜಿನ ಮೇಲೆ ನೆಟ್ಟಗೆ ಇಟ್ಟರೆ ಅಂಚಿನ ಬಾಗು ದಿನೇ ದಿನೇ ಚಪ್ಪಟೆಯಾಗುತ್ತದೆ. ತಲೆಯ ಗಾತ್ರದ ಮಡಕೆಯನ್ನು ಬೋರಲು ಹಾಕಿ, ಮೇಲೆ ತೊಳೆದ ಹತ್ತಿ ಬಟ್ಟೆ ಸುತ್ತಿ, ನೆತ್ತಿಯನ್ನಷ್ಟೇ ಅದರ ಮೇಲೆ ಕೂರಿಸಿದರೆ ಅಂಚು ಗಾಳಿಯಲ್ಲಿ ನಿಲ್ಲುತ್ತದೆ. ಪೆಟ್ಟಿಗೆಯಲ್ಲಾದರೆ ನೆತ್ತಿ ಕೆಳಗೆ, ಅಂಚು ಮೇಲೆ. ಟೊಳ್ಳಿನೊಳಗೆ ಬಿಳಿ ಕಾಗದವನ್ನೋ ಹಳೆಯ ಪಂಚೆಯ ತುಂಡನ್ನೋ ಹಗುರಾಗಿ ತುಂಬಬೇಕು. ಸುದ್ದಿಪತ್ರಿಕೆಯ ಶಾಯಿ ಅಂಟುತ್ತದೆ, ಅದು ಬೇಡ. ಮೊಳೆಗೆ ನೇತುಹಾಕಿದರೆ ಇಡೀ ಭಾರ ಒಂದು ಬಿಂದುವಿನ ಮೇಲೆ ಬಿದ್ದು ಗುಬುಟು ಮೂಡುತ್ತದೆ. ಪ್ಲಾಸ್ಟಿಕ್ ಕವರ್ ತೇವವನ್ನು ಒಳಗೇ ಹಿಡಿದಿಟ್ಟು ಬೂಷ್ಟು ತರಿಸುತ್ತದೆ, ದೀರ್ಘಕಾಲಕ್ಕೆ ರಟ್ಟಿನ ಡಬ್ಬವೇ ಮೇಲು. ಲೋಹದ ಬ್ಯಾಡ್ಜನ್ನು ಬಿಚ್ಚಿ ಬೇರೆ ಇಡಬೇಕು. ಉಣ್ಣೆಯಿಂದ ನಿಧಾನವಾಗಿ ಹೊರಬರುವ ಗಂಧಕದ ಅನಿಲ ಲೋಹವನ್ನು ಕಪ್ಪಾಗಿಸುತ್ತದೆ, ಬ್ಯಾಡ್ಜಿನ ತುಕ್ಕು ಉಣ್ಣೆಗೆ ಇಳಿಯುತ್ತದೆ. ಎತ್ತುವಾಗ ನೆತ್ತಿಯನ್ನು ಚಿವುಟಿ ಹಿಡಿಯಬಾರದು, ಎರಡೂ ಕೈಯಿಂದ ಅಂಚು ಹಿಡಿಯಬೇಕು.

ಆಕಾರ ಈಗಾಗಲೇ ಕೆಟ್ಟಿದ್ದರೂ ನಿರಾಶೆ ಬೇಡ. ಕುದಿಯುವ ಪಾತ್ರೆಯ ಹಬೆಗೆ ಒಂದು ಗೇಣು ದೂರದಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಹೈಡ್ರೋಜನ್ ಬಂಧಗಳು ಸಡಿಲವಾಗುತ್ತವೆ. ಕುಸಿದ ಜಾಗವನ್ನು ಒಳಗಿನಿಂದ ಬೆರಳಲ್ಲಿ ಒತ್ತಿ ಸರಿಪಡಿಸಿ, ಮಡಕೆಯ ಮೇಲೆ ಕೂರಿಸಿ ನೆರಳಿನಲ್ಲಿ ಒಣಗಿಸಿದರೆ ಹೊಸ ಆಕಾರ ನಿಲ್ಲುತ್ತದೆ. ಕಿಕ್ಕೇರಿಯ ಹ್ಯಾಟಿನ ನೆತ್ತಿಯೂ ಹೀಗೆಯೇ ಎದ್ದು ನಿಂತಿತು. ಹುಳು ತಿಂದ ತೂತು ಮಾತ್ರ ಮತ್ತೆ ಕೂಡುವುದಿಲ್ಲ.

ಬೆಚ್ಚಗಿನ ಹವೆಯಲ್ಲಿ ಈ ಪತಂಗದ ಒಂದು ಪೀಳಿಗೆ ಎರಡು ಮೂರು ತಿಂಗಳಲ್ಲಿ ಮುಗಿದುಬಿಡಬಹುದು. ವರ್ಷಕ್ಕೊಮ್ಮೆ ಪೆಟ್ಟಿಗೆ ತೆಗೆಯುವವರಿಗೆ ಅದು ಎಂದೂ ಸಿಕ್ಕಿಬೀಳುವುದಿಲ್ಲ. ಸಂಕ್ರಾಂತಿಗೆ, ಯುಗಾದಿಗೆ, ಮಳೆಗಾಲದ ಮೊದಲಿಗೆ, ಆಯುಧಪೂಜೆಗೆ ಮನೆ ಶುಚಿ ಮಾಡುವಾಗ ಹ್ಯಾಟನ್ನೂ ಹೊರಗೆ ತಂದು, ಪಟ್ಟಿ ಹೊರಳಿಸಿ ನೋಡಿ, ಬ್ರಷ್ ಮಾಡಿ ಇಟ್ಟರೆ ನುಸಿಗೆ ನೆಲೆಯೇ ಸಿಗದು. ಉಣ್ಣೆಯ ಶಾಲು, ಮಕ್ಕಳ ಎನ್‌ಸಿಸಿ ಬೆರೆಟ್ಟು, ಅಜ್ಜನ ಕಂಬಳಿ ಎಲ್ಲಕ್ಕೂ ಇದೇ ನಿಯಮ. ಮನೆಯಲ್ಲೊಂದು ಸ್ಲೋಚ್ ಹ್ಯಾಟ್ ಇದ್ದರೆ ಈ ಭಾನುವಾರವೇ ಟ್ರಂಕು ತೆರೆಯಿರಿ. ಮೊದಲು ನೋಡಬೇಕಾದದ್ದು ಒಳಗಿನ ಪಟ್ಟಿಯ ಹಿಂಬದಿಯನ್ನು.